ಹರಳೆಣ್ಣೆ ಬಿಲ್ಲೆಯೂ ಊರವರ ತಲೆಗಳೂ

ಏನು ಕೆಲಸ ಎಂದು ಯಾರಾದರೂ ಕೇಳಿದರೆ ‘ಕಸ್ಟಮರ್ ಕೇರ್’ ಎನ್ನುತ್ತಿದ್ದೆ. ಕೇಳಿದವರು ನಾನು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಏಸಿ ಕೆಳಗೆ ಕೂತಿರುತ್ತೇನೆ ಎಂದುಕೊಳ್ಳುತ್ತಿದ್ದರು. ನಾನು ನಿಜವಾಗಿ ಇರುತ್ತಿದ್ದದ್ದು ಗುರುತು ಪರಿಚಯವಿಲ್ಲದವರ ಬಚ್ಚಲುಮನೆಯಲ್ಲಿ, ಸೀರೆಯ ನೆರಿಗೆ ಮೇಲಕ್ಕೆ ಸಿಕ್ಕಿಸಿ, ಕೈಯಲ್ಲೊಂದು ಚೊಂಬು ಹಿಡಿದು. ಹೆಗ್ಗನಹಳ್ಳಿಯ ಸಣ್ಣ ಕಾರ್ಖಾನೆಯೊಂದರಲ್ಲಿ ಹರಳೆಣ್ಣೆಯ ಶಾಂಪೂ ಬಿಲ್ಲೆ ಮಾಡುತ್ತಿದ್ದರು. ಅದನ್ನು ಹಚ್ಚಿಕೊಂಡು ಯಾರ ತಲೆಗೆ ಏನಾದರೂ ಆಯಿತೆಂದರೆ ಸ್ಕೂಟಿ ಹತ್ತಿ ಹೋಗಿ ನೋಡಿ, ಬೇಕಾದರೆ ತೊಳೆದು, ಸಮಾಧಾನ ಹೇಳಿ ಬರುವುದು ನನ್ನ ಕೆಲಸ.

ಈಗ ನಿವೃತ್ತಳು. ನನ್ನ ಜಾಗಕ್ಕೆ ಹೊಸ ಹುಡುಗಿಯರು ಬಂದಿದ್ದಾರೆ. ‘ಫೋನಿನಲ್ಲೇ ಎಲ್ಲ ಬಗೆಹರಿಸ್ತೀವಿ ಆಂಟಿ’ ಎಂಬ ಹುಮ್ಮಸ್ಸಿನಲ್ಲಿದ್ದಾರೆ. ಬಗೆಹರಿಸಲಿ, ಒಳ್ಳೆಯದು. ಆದರೆ ಫೋನಿನೊಳಗೆ ತಲೆ ತೂರುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇದಕ್ಕೂ ಮೊದಲು ನಾನು ವಿಜಯನಗರದ ಫ್ಯಾನ್ಸಿ ಸ್ಟೋರ್ ಒಂದರಲ್ಲಿ ಹೇರ್‌ಪಿನ್ನು, ಕ್ಲಿಪ್ಪು, ಚೌರಿ ಮಾರುತ್ತಿದ್ದೆ. ಅಲ್ಲಿಗೆ ಬಿಲ್ಲೆ ಹಾಕಲು ಬಂದಿದ್ದ ಮಾಲೀಕ ಚಂದ್ರಪ್ಪನವರು, ಒಬ್ಬ ಹೆಂಗಸಿನ ಜೊತೆ ಕ್ಲಿಪ್ಪಿನ ವಿಷಯಕ್ಕೆ ನಾನು ನಡೆಸುತ್ತಿದ್ದ ರಾಜಿ ಪಂಚಾಯಿತಿಯನ್ನು ಕೊನೆಯವರೆಗೂ ನಿಂತು ನೋಡಿದರು. ಮರುದಿನ ಕಾರ್ಖಾನೆಗೆ ಕರೆಸಿದರು. ಓದಿನ ವಿಚಾರ ಕೇಳಲಿಲ್ಲ.

“ಕೂದ್ಲು ನಿಮ್ದೇನಾಮ್ಮ?”

“ನಂದೇ ಸಾರ್.”

ಅವರು ಒಳಗೆ ತಿರುಗಿ ಹೆಂಡತಿಯನ್ನು ಕೂಗಿದರು. ಆಕೆ ಬಂದು, “ತಪ್ಪು ತಿಳ್ಕೋಬೇಡಿ” ಎಂದು ನನ್ನ ಜಡೆ ಹಿಡಿದು ಒಮ್ಮೆ ಜಗ್ಗಿದರು. ಗಂಡನತ್ತ ನೋಡಿ ತಲೆಯಾಡಿಸಿದರು. ಅಷ್ಟೇ ಸಂದರ್ಶನ. ನನ್ನ ಕೂದಲೇ ಕಂಪನಿಯ ಜಾಹೀರಾತಾಗಬೇಕು ಎಂಬುದು ಅವರ ಲೆಕ್ಕಾಚಾರ. ಅದು ಬೆಳೆದದ್ದು ಮಾತ್ರ ನಮ್ಮಜ್ಜಿಯ ಸೀಗೆಕಾಯಿಯಲ್ಲಿ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಚಂದ್ರಪ್ಪನವರು ಅದಕ್ಕೂ ಮೊದಲು ಪಾತ್ರೆ ತೊಳೆಯುವ ಸೋಪು ಮಾಡುತ್ತಿದ್ದವರು. ಪಾತ್ರೆಗೂ ತಲೆಗೂ ವ್ಯತ್ಯಾಸವಿದೆ ಎಂದು ಅವರಿಗೆ ತಿಳಿಸಿದವಳು ಬಾಗಲಕೋಟೆ ಕಡೆಯಿಂದ ಬಂದಿದ್ದ ನಮ್ಮ ಕೆಮಿಸ್ಟ್ ರೇವತಿ. ಮೊದಲ ದಿನವೇ ನಾನು ಅವಳನ್ನು ಕೇಳಿದೆ, “ಹರಳೆಣ್ಣೆ ಅಂದ್ರೆ ನಾವು ಚಿಕ್ಕವರಿದ್ದಾಗ ಮೂಗು ಹಿಡಿದು ಕುಡಿಸ್ತಾ ಇದ್ದದ್ದು. ಅದನ್ನ ತಲೆಗೆ ಯಾಕೆ ಹಾಕ್ತೀರಿ?”

“ಹರಳೆಣ್ಣಿ ಅಂದ್ರ ಮದುವಿ ಮನ್ಯಾಗ ಹಿರೇ ಮಾವ ಇದ್ದಂಗ ಅಕ್ಕಾ” ಎಂದಳು ಅವಳು. “ಒಬ್ಬಾಂವ ಇದ್ರ ಶೋಭಾ. ನೊರಿ ಮೆತ್ತಗ, ಗಟ್ಟಿಯಾಗಿ ನಿಲ್ಲತೈತಿ, ಒಣ ಕೂದಲಾ ಮಿದು ಆಗತೈತಿ. ನಾಕು ಮಂದಿ ಮಾವಂದಿರು ಬಂದ್ರಂದ್ರ ಮದುವಿ ಕೆಟ್ಟಂಗ. ಬಿಲ್ಲಿ ಗಟ್ಟಿ ಆಗಂಗಿಲ್ಲ, ಕೂದಲಾ ಅಂಟಂಟ.”

ಹರಳೆಣ್ಣೆ ಬಿಲ್ಲೆಯ ಗುಣ ದೋಷಗಳ ಬಗ್ಗೆ ಆಮೇಲೆ ನಾನು ಬಹಳ ಕೇಳಿದ್ದೇನೆ, ಓದಿದ್ದೇನೆ. ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಿಲ್ಲ.

ಚಂದ್ರಪ್ಪನವರಿಗೆ ಮಾತ್ರ ಮಾವಂದಿರು ಎಷ್ಟಿದ್ದರೂ ಸಾಲದು. ಒಳ್ಳೆಯದನ್ನು ಜಾಸ್ತಿ ಹಾಕಿದರೆ ಜಾಸ್ತಿ ಒಳ್ಳೆಯದಾಗುತ್ತದೆ ಎನ್ನುವುದು ಅವರ ಸಿದ್ಧಾಂತ. ರೇವತಿ ಊರಿಗೆ ಹೋಗಿದ್ದ ಒಂದು ಬೇಸಿಗೆಯಲ್ಲಿ, ತಾವೇ ನಿಂತು ಹರಳೆಣ್ಣೆ ದುಪ್ಪಟ್ಟು ಸುರಿಸಿ ‘ಸ್ಪೆಷಲ್’ ಎಂದು ಒಂದು ಪಾಕ ತೆಗೆಸಿದರು. ಬಿಲ್ಲೆಗಳು ಒಣಗುವ ಮಾತೇ ಇಲ್ಲ. ‘ಅಂಗಡೀಲಿ ಒಣಗ್ತವೆ ಬಿಡಿ’ ಎಂದು ಕಳಿಸಿಬಿಟ್ಟರು. ಸ್ವಲ್ಪ ದಿನದಲ್ಲೇ ಸುಂಕದಕಟ್ಟೆಯ ಅಂಗಡಿಯವರಿಂದ ಫೋನು ಬಂತು. ಬೈಗುಳಕ್ಕೆ ಸಿದ್ಧಳಾಗಿ ಹೋದೆ. ಹೋಗಿ ನೋಡಿದರೆ ಡಬ್ಬದೊಳಗಿನ ಬಿಲ್ಲೆಗಳೆಲ್ಲ ಕರಗಿ ಒಂದೇ ಮುದ್ದೆಯಾಗಿವೆ. ಅಂಗಡಿಯವರು ಅದನ್ನು ಬೆಣ್ಣೆಯಂತೆ ಚಾಕುವಿನಲ್ಲಿ ಕತ್ತರಿಸಿ, ತೂಗಿ, ಪೇಪರಿನಲ್ಲಿ ಕಟ್ಟಿಕೊಡುತ್ತಿದ್ದಾರೆ.

“ಕಂಪ್ಲೇಂಟ್ ಅಲ್ಲ ಮೇಡಂ” ಎಂದರು ಅವರು. “ಹಿಂಗೇ ಚೆನ್ನಾಗಿ ಹೋಗ್ತೈತೆ. ಮುಂದಿನ ಸಲ ಬಿಲ್ಲೆ ಮಾಡೋ ತೊಂದ್ರೆ ತಗೋಬೇಡಿ, ಬಕೆಟ್‌ನಲ್ಲಿ ಕಳ್ಸಿ.”

ಊರಿನಿಂದ ಬಂದ ರೇವತಿ ಮೊದಲು ಮಾಡಿದ್ದು ಒಂದೇ ಕೆಲಸ. ಹರಳೆಣ್ಣೆಯ ಕ್ಯಾನುಗಳಿದ್ದ ಕೋಣೆಗೆ ಬೀಗ ಹಾಕಿ ಕೀಲಿಯನ್ನು ಕೊರಳ ಸರಕ್ಕೆ ಪೋಣಿಸಿಕೊಂಡಳು. ಚಂದ್ರಪ್ಪನವರು ಒಂದು ವಾರ ಹರಳೆಣ್ಣೆ ಕುಡಿದ ಮುಖದಲ್ಲೇ ಓಡಾಡಿದರು.

ಹುಡುಗಿಯರೇ, ಈ ಕೆಲಸದಲ್ಲಿ ಮೊದಲು ಕಲಿಯಬೇಕಾದದ್ದು ಯಾವ ಮಾತನ್ನು ಬಾಯಿ ಬಿಟ್ಟು ಹೇಳಬಾರದು ಎಂಬುದನ್ನು. ಅದನ್ನು ನನಗೆ ಕಲಿಸಿದವರು ರಾಜಾಜಿನಗರದ ಶ್ರೀನಿವಾಸಯ್ಯನವರು. ಬಡಾವಣೆಯ ಪಾರ್ಕಿನಲ್ಲಿ ಬೆಳಗಿನ ವಾಕಿಂಗ್ ಬಳಗಕ್ಕೆ ಅವರೇ ಮುಖಂಡರು. ವಯಸ್ಸಾದರೂ ಕೂದಲು ಕಾಡಿಗೆಯಷ್ಟು ಕಪ್ಪು. ಅವರಿಂದ ಒಂದು ದಿನ ಫೋನು ಬಂತು.

“ನಿಮ್ಮ ಸೋಪು ನನ್ನ ಕೂದಲನ್ನ ಬೆಳ್ಳಗೆ ಮಾಡಿದೆ! ಗ್ರಾಹಕರ ಕೋರ್ಟಿಗೆ ಎಳೀತೀನಿ.”

ಚಂದ್ರಪ್ಪನವರು ಕೋರ್ಟು ಎಂಬ ಶಬ್ದ ಕೇಳಿಯೇ ಬೆವರಿದರು. ನಾನು ಹೋದೆ. ಶ್ರೀನಿವಾಸಯ್ಯನವರು ಮನೆಯೊಳಗೇ ಮಂಕಿ ಟೋಪಿ ಹಾಕಿಕೊಂಡು ಕೂತಿದ್ದರು. ತೆಗೆದು ತೋರಿಸಿದರು. ತಲೆ ಅಲ್ಲಲ್ಲಿ ಬೂದಿ, ಅಲ್ಲಲ್ಲಿ ತಾಮ್ರ, ಅಲ್ಲಲ್ಲಿ ಕಪ್ಪು. ಬಿಲ್ಲೆ ಎಲ್ಲಿಟ್ಟಿದ್ದೀರಿ ನೋಡೋಣ ಎಂದು ಬಚ್ಚಲಿಗೆ ಹೋದೆ. ಕಂಬಿಯ ಮೇಲಿನ ಬಿಳಿ ಟವೆಲ್ಲಿನ ತುಂಬ ಕರಿ ಕಲೆ. ವಿಷಯ ತಿಳಿಯಿತು. ನಮ್ಮ ಆಗಿನ ಬಿಲ್ಲೆ ಅಪ್ಪಟ ಸೋಪು, ಅದರಲ್ಲಿ ಕ್ಷಾರದ ಅಂಶ ಸ್ವಲ್ಪ ಹೆಚ್ಚೇ. ಬಣ್ಣ ಹಚ್ಚಿದ ಕೂದಲಿಗೆ ಹಾಕಿ ತಿಕ್ಕಿದರೆ ಬಣ್ಣ ಬೇಗ ಬಿಡುತ್ತದೆ. ಆದರೆ ‘ನೀವು ಡೈ ಹಾಕುತ್ತೀರಲ್ಲವೇ’ ಎಂದು ಆ ಮನುಷ್ಯನ ಮುಖ ನೋಡಿ ಕೇಳುವುದು ಹೇಗೆ? ಅಡುಗೆಮನೆಯಲ್ಲಿ ಹೆಂಡತಿ ಬೇರೆ ಇದ್ದಾರೆ.

“ಸಾರ್, ಈ ಬಿಲ್ಲೆ ಎಲ್ಲರಿಗೂ ಆಗಿಬರಲ್ಲ” ಎಂದು ಸುತ್ತಿ ಬಳಸಿ ಶುರು ಮಾಡಿದೆ. “ಈಗ ನೋಡಿ, ಬಣ್ಣ ಹಾಕೋರು ಇರ್ತಾರೆ. ಅಂಥವರಿಗೆ ಆಗೋದೇ ಇಲ್ಲ. ನಿಮಗೆ ಆ ಪ್ರಶ್ನೆ ಬರಲ್ಲ, ಬಿಡಿ.”

“ಬರಲ್ಲ” ಎಂದರು ಅವರು ಗಂಭೀರವಾಗಿ.

ಅಷ್ಟರಲ್ಲಿ ಹೆಂಡತಿ ಕಾಫಿ ತಂದು ನನ್ನ ಕೈಗಿಟ್ಟರು. “ಬಿಡಿಸಿ ಹೇಳ್ರಮ್ಮ, ಪರವಾಗಿಲ್ಲ. ಇಷ್ಟು ವರ್ಷದಿಂದ ಇವರ ದಿಂಬಿನ ಕವರ್ ಒಗೀತಾ ಇರೋಳು ನಾನೇ ಅಲ್ವಾ?”

ಶ್ರೀನಿವಾಸಯ್ಯನವರು ಹೆಂಡತಿಯನ್ನು ನೋಡಿದರು, ಟೋಪಿಯನ್ನು ನೋಡಿದರು. “ನಿಂಗೆ ಗೊತ್ತಿತ್ತಾ?” ಎಂದರು, ಚಿಕ್ಕ ಮಗುವಿನಂತೆ. ಕೋರ್ಟಿನ ಸುದ್ದಿ ಅಲ್ಲಿಗೇ ಮುಗಿಯಿತು. ಆಮೇಲೆ ಒಂದು ದಿನ ಆ ಪಾರ್ಕಿನ ಮುಂದೆ ಹಾದು ಹೋಗುವಾಗ ಅವರು ಕಂಡರು. ತಲೆ ಪೂರ್ತಿ ಬೆಳ್ಳಗೆ, ನಡಿಗೆ ಮೊದಲಿಗಿಂತ ಚುರುಕು.

ಎರಡನೆಯ ಪಾಠ ಬಕೆಟ್ಟಿನದು. ತಲೆ ನೋಡುವ ಮುಂಚೆ ಬಕೆಟ್ ನೋಡಿ. ಬಸವೇಶ್ವರನಗರದಲ್ಲಿ ಕಾವೇರಿ ನೀರಿಗೆ ಕೂದಲು ರೇಷ್ಮೆಯಾಗುವ ಅದೇ ಬಿಲ್ಲೆ, ಹೇರೋಹಳ್ಳಿಯ ಬೋರ್‌ವೆಲ್ ನೀರಿಗೆ ತೆಂಗಿನ ನಾರಾಗುತ್ತದೆ. ಗಡುಸು ನೀರಿಗೆ ಸೋಪು ಸೇರಿದರೆ ನೊರೆಯಾಗುವ ಬದಲು ಬಿಳಿ ಜಿಡ್ಡಾಗಿ ಕೂದಲಿಗೆ ಮೆತ್ತಿಕೊಳ್ಳುತ್ತದೆ. ಅದಕ್ಕೆ ಉಪಾಯವಾಗಿ ನಾವು ಪೊಟ್ಟಣದೊಳಗೆ ಒಂದು ಚೀಟಿ ಹಾಕಿದೆವು: ‘ಸ್ನಾನದ ಕೊನೆಯಲ್ಲಿ ಒಂದು ಚೊಂಬು ನೀರಿಗೆ ಸ್ವಲ್ಪ ನಿಂಬೆರಸ ಬೆರೆಸಿ ಉಪಯೋಗಿಸಿ.’ ಕೆಂಗೇರಿಯಿಂದ ಒಬ್ಬರು ಫೋನು ಮಾಡಿದರು. ತಪ್ಪದೆ ಉಪಯೋಗಿಸುತ್ತಿದ್ದಾರಂತೆ, ಆದರೂ ಕೂದಲು ಒರಟೊರಟು.

“ನಿಂಬೆ ನೀರು ಕೂದಲಿಗೆಲ್ಲ ಚೆನ್ನಾಗಿ ತಾಗ್ತಾ ಇದೆಯಾ ಸಾರ್?”

“ಕೂದಲಿಗಾ?” ಎಂದರು ಅವರು. “ನಾನು ಕುಡೀತಾ ಇದೀನಲ್ಲ. ಸ್ವಲ್ಪ ಸಕ್ಕರೆ ಹಾಕ್ಕೊಂಡು.”

ಚೀಟಿಯಲ್ಲಿ ‘ಉಪಯೋಗಿಸಿ’ ಎಂಬುದನ್ನು ‘ತಲೆಗೆ ಸುರಿದುಕೊಳ್ಳಿ’ ಎಂದು ಬದಲಾಯಿಸಿದೆವು.

ಈಗ ಹೇರೋಹಳ್ಳಿಯ ಮದುವಣಗಿತ್ತಿಯ ಕಥೆಗೆ ಬರುತ್ತೇನೆ. ನನ್ನ ಕೆಲಸದಲ್ಲಿ ನಗು ಬರದೆ ನಿಜಕ್ಕೂ ಹೆದರಿದ್ದು ಅವತ್ತು ಒಂದೇ ದಿನ.

ಬೆಳಿಗ್ಗೆ ಫೋನು ಮಾಡಿದ್ದು ಹುಡುಗಿಯ ತಾಯಿ. “ಮೇಡಂ, ಬೇಗ ಬನ್ನಿ. ನಾಳೆ ರಿಸೆಪ್ಷನ್ನು. ನಮ್ಮ ಚೈತ್ರನ ತಲೆ ಕಲ್ಲಾಗಿಬಿಟ್ಟಿದೆ.” ಹಿಂದುಗಡೆ ಗಂಟೆ ಬಾರಿಸುವ ಸದ್ದು ಕೇಳುತ್ತಿತ್ತು. ಗಂಟೆ ಯಾಕೆ ಎಂದು ತಿಳಿಯದೆ ಹೊರಟೆ.

ಅವರು ಊರಿನ ಹಳೆಯ ಒಕ್ಕಲು ಮನೆತನದವರು. ಹೊಲವಿದ್ದ ಜಾಗದಲ್ಲಿ ಈಗ ಮೂರಂತಸ್ತಿನ ಮನೆ. ಚಪ್ಪರ ಹಾಕಿದ್ದರು. ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಮದುವೆ ಮನೆಯಲ್ಲವೇ ಎಂದುಕೊಂಡು ಒಳಗೆ ಕಾಲಿಟ್ಟರೆ ಹಾಲಿನ ನಡುವೆ ಮಣೆ, ಮಣೆಯ ಮೇಲೆ ಹುಡುಗಿ. ಅವಳ ನೆತ್ತಿಯ ಮೇಲೆ ಹಕ್ಕಿಗೂಡಿನಂಥ ಕೂದಲ ಗಂಟು, ಗಂಟಿನ ಮೇಲೆ ಅರಿಸಿನ ಕುಂಕುಮ, ಸುತ್ತ ಊದುಬತ್ತಿಯ ಹೊಗೆ. ಅಕ್ಕಪಕ್ಕದ ಹೆಂಗಸರು ಸಾಲಾಗಿ ಬಂದು ನಮಸ್ಕಾರ ಮಾಡುತ್ತಿದ್ದರು. ಒಬ್ಬಾಕೆ, “ನನ್ ಮಗನಿಗೆ ಕೆಲ್ಸ ಪರ್ಮನೆಂಟ್ ಆಗ್ತದಾ ತಾಯಿ?” ಎಂದು ಕೇಳುತ್ತಿದ್ದಳು. ಮಣೆಯ ಮೇಲಿದ್ದ ಆ ‘ತಾಯಿ’ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

ಹುಡುಗಿಯ ಅಜ್ಜಿ ಹೊನ್ನಮ್ಮ ನನಗೆ ತೀರ್ಥ ಕೊಡಲು ಬಂದರು. “ಅಮ್ಮ ಒಲಿದು ಬಂದವ್ಳೆ. ಜಡೆ ಕಟ್ಟವ್ಳೆ ನೋಡು. ನಮ್ಮ ಮುತ್ತಜ್ಜಿಗೂ ಹಿಂಗೇ ಆಗಿತ್ತಂತೆ. ಕತ್ರಿ ಮುಟ್ಟಿಸ್ಬಾರ್ದು.”

ನಾನು ಹುಡುಗಿಯ ಪಕ್ಕ ಕೂತು ಮೆಲ್ಲಗೆ ಕೇಳಿದೆ, “ಏನು ಮಾಡಿದೆ ಮಗಳೇ?”

“ಆಂಟಿ, ರೀಲ್ಸ್‌ನಲ್ಲಿ ನೋಡ್ದೆ. ಹರಳೆಣ್ಣೆ ಹಚ್ಚಿದ್ರೆ ದಟ್ಟವಾಗಿ ಕಾಣುತ್ತೆ ಅಂದ್ರು. ಬಾಟ್ಲಿ ಪೂರ್ತಿ ಸುರ್ಕೊಂಡೆ. ಆಮೇಲೆ ಎಲ್ಲಾ ಕೂದ್ಲು ನೆತ್ತಿ ಮೇಲೆ ಗುಡ್ಡೆ ಹಾಕ್ಕೊಂಡು ನಿಮ್ಮ ಬಿಲ್ಲೆ ಉಜ್ಜಿದೆ. ಹೋಗ್ಲಿಲ್ಲ. ಇನ್ನೂ ಉಜ್ಜಿದೆ. ತಿರುಗಿಸಿ ತಿರುಗಿಸಿ ಉಜ್ಜಿದೆ.”

ಮೂರು ದೋಷಗಳೂ ಒಂದೇ ತಲೆಯ ಮೇಲೆ ಸೇರಿದ್ದವು: ಅಂಟು ಎಣ್ಣೆ, ಗಡುಸು ನೀರು, ಎಳೆಗಳು ಹೊಸೆದುಕೊಳ್ಳುವಂತೆ ಉಜ್ಜಿದ್ದು. ಕಂಬಳಿ ನೇಯುವವರು ಉಣ್ಣೆಯನ್ನು ಹದ ಮಾಡುವುದೂ ಹೆಚ್ಚುಕಡಿಮೆ ಹೀಗೆಯೇ. ಅಷ್ಟರಲ್ಲಿ ಹುಡುಗಿಯ ತಾಯಿ ನನ್ನನ್ನು ಪಕ್ಕಕ್ಕೆ ಕರೆದು ಇನ್ನೊಂದು ವಿಷಯ ಹೇಳಿದರು. ಸುದ್ದಿ ಆಗಲೇ ಬೀಗರ ಕಿವಿಗೆ ಬಿದ್ದಿದೆ. ದೇವರು ಬಂದ ಹುಡುಗಿಯನ್ನು ಮನೆ ತುಂಬಿಸಿಕೊಳ್ಳಬಹುದೋ ಇಲ್ಲವೋ ಎಂದು ಅಲ್ಲಿ ಹಿರಿಯರು ಕೂತಿದ್ದಾರೆ. ಗಂಡಿನ ತಾಯಿ ಮಾಗಡಿಯಿಂದ ಸ್ವತಃ ಹೊರಟಿದ್ದಾರೆ. ಒಂದು ಸೋಪಿನ ಬಿಲ್ಲೆಯಿಂದ ಒಂದು ಮದುವೆ ನಿಲ್ಲುವುದೆಂದರೆ!

ರೇವತಿಗೆ ಫೋನು ಮಾಡಿದೆ. “ಬಾಚಣಿಗಿ ಹಚ್ಚಬ್ಯಾಡ್ರಿ ಅಕ್ಕಾ” ಎಂದಳು. “ಬೋರಿನ ನೀರು ಒಂದು ಹನೀನೂ ಬ್ಯಾಡ. ಕೊಬ್ಬರಿ ಎಣ್ಣಿ ಬೆಚ್ಚಗ ಮಾಡಿ ನೆನೆಸ್ರಿ. ತುದಿಯಿಂದ ಒಂದೊಂದ ಎಳಿ ಬೆರಳಿನಿಂದ ಬಿಡಿಸ್ಕೊಂತ ಬರ್ರಿ. ಭಾಳ ತಾಳ್ಮಿ ಬೇಕು. ಭಾಳ ಮಂದೀನೂ ಬೇಕು.”

ಮಂದಿಗೇನು ಕೊರತೆ? ದರ್ಶನಕ್ಕೆ ಬಂದವರು ಹಾಲು ತುಂಬ ಇದ್ದರು. ಆದರೆ ಮಣೆಗೆ ಅಡ್ಡಲಾಗಿ ಹೊನ್ನಮ್ಮ ಕೂತಿದ್ದರು.

“ದೇವ್ರು ಕೊಟ್ಟಿದ್ದನ್ನ ಬಿಡಿಸೋಕೆ ನೀನ್ಯಾರು?”

“ಅಜ್ಜಿ, ಇದು ದೇವ್ರು ಕೊಟ್ಟಿದ್ದಲ್ಲ. ನಮ್ಮ ಕಂಪ್ನಿ ಕೊಟ್ಟಿದ್ದು.”

ಹೊನ್ನಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಹಂಗಾದ್ರೆ ನಿಮ್ ಕಂಪ್ನೀಗೆ ಅಮ್ಮ ಬಂದವ್ಳೆ” ಎಂದರು. ಈ ವಾದವನ್ನು ಗೆಲ್ಲುವುದು ಸಾಧ್ಯವಿರಲಿಲ್ಲ. ನಾನು ಕೈಮುಗಿದು, “ಬಂದಿದ್ರೆ ಬಂದಿರ್ಲಿ ಅಜ್ಜಿ. ಎಣ್ಣೆ ಸ್ನಾನ ಮಾಡಿಸಿ ಕಳಿಸ್ಕೊಡೋಣ. ಮದುವೆ ಮನೆಗೆ ಬಂದೋರನ್ನ ಹಂಗೇ ಕಳಿಸ್ತಾರಾ?” ಎಂದೆ. ಅಜ್ಜಿ ಯೋಚಿಸಿದರು. ಮರ್ಯಾದೆಯ ಪ್ರಶ್ನೆ. ಎದ್ದು ಹೋಗಿ ತಾವೇ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ತಂದರು.

ಕುಡಿಯುವ ನೀರಿನ ಕ್ಯಾನುಗಳನ್ನು ತರಿಸಿ ಹಂಡೆಯಲ್ಲಿ ಕಾಯಲಿಟ್ಟೆವು. ಹುಡುಗಿಯನ್ನು ನಡುವೆ ಕೂರಿಸಿ, ಸುತ್ತ ಹೆಂಗಸರನ್ನು ಕೂರಿಸಿ, ಒಬ್ಬೊಬ್ಬರಿಗೆ ಒಂದೊಂದು ಬದಿ ಹಂಚಿದೆ. ಪರ್ಮನೆಂಟ್ ಕೇಳಿದಾಕೆಗೆ ಬಲಗಿವಿಯ ಮೇಲಿನದು. ಅವರೆಕಾಯಿ ಸುಲಿಯುವಾಗಿನಂತೆ ಮಾತು ಶುರುವಾಯಿತು. ಹಾಡೂ ಬಂತು. ಚೈತ್ರ ಆಗಾಗ “ಅಯ್ಯೋ” ಎನ್ನುವಳು, ಯಾರೋ ಗದರುವರು, ಯಾರೋ ಬಾಯಿಗೆ ಚಕ್ಕುಲಿ ಹಾಕುವರು. ಮಧ್ಯಾಹ್ನ ಊಟದ ಹೊತ್ತಿಗೆ ಕಾಲುಭಾಗ ಬಿಟ್ಟುಕೊಂಡಿತ್ತು.

ಆಗ ಗಂಡಿನ ತಾಯಿ ಬಂದರು.

ಎಲ್ಲರ ಕೈಯೂ ನಿಂತಿತು. ಆಕೆ ಬಾಗಿಲಲ್ಲೇ ನಿಂತು ಹುಡುಗಿಯ ತಲೆಯನ್ನು, ಕುಂಕುಮವನ್ನು, ಊದುಬತ್ತಿಯನ್ನು ನೋಡಿದರು. ಚೈತ್ರ ಮುಖ ಮುಚ್ಚಿಕೊಂಡಳು. ಆಕೆ ಚಪ್ಪಲಿ ಬಿಟ್ಟು ಒಳಗೆ ಬಂದು ಗಂಟಿಗೆ ಮೂಗು ತಾಗಿಸಿ ಮೂಸಿದರು.

“ಹರಳೆಣ್ಣೆ” ಎಂದರು. “ನನ್ ಬಾಣಂತನದಲ್ಲಿ ನಮ್ಮತ್ತೆ ಇದನ್ನೇ ಹಾಕಿ ಹಾಕಿ ನನ್ ತಲೇನೂ ಹಿಂಗೇ ಮಾಡಿದ್ರು. ದೇವ್ರೂ ಇಲ್ಲ, ದಿಂಡ್ರೂ ಇಲ್ಲ. ಎಲ್ಲಿ, ಜರುಗಿ.” ಸೆರಗು ಸೊಂಟಕ್ಕೆ ಸಿಕ್ಕಿಸಿ ಹುಡುಗಿಯ ಬೆನ್ನ ಹಿಂದೆ ಕೂತರು. ಅವರ ಬೆರಳುಗಳ ವೇಗ ನಮ್ಮ ಯಾರಿಗೂ ಇರಲಿಲ್ಲ. ಚೈತ್ರ ಆಮೇಲೂ ಅತ್ತಳು, ಆದರೆ ಅದು ಬೇರೆ ಅಳು.

ದೀಪ ಹಚ್ಚುವ ಹೊತ್ತಿಗೆ ಕೂದಲೆಲ್ಲ ಬಿಟ್ಟುಕೊಂಡಿತು. ಹಿಂದಲೆಯಲ್ಲಿ ನಿಂಬೆಹಣ್ಣಿನಷ್ಟು ಒಂದು ಗಂಟು ಮಾತ್ರ ಯಾರ ಮಾತನ್ನೂ ಕೇಳಲಿಲ್ಲ. ಅದನ್ನು ಕತ್ತರಿಸಲೇಬೇಕಾಯಿತು. ಮಲ್ಲಿಗೆ ದಂಡೆ ಅಲ್ಲಿಗೆ ಬಂದರೆ ಗೊತ್ತಾಗುವುದಿಲ್ಲ ಎಂದು ಬೀಗಿತ್ತಿಯೇ ತೀರ್ಪು ಕೊಟ್ಟರು. ಕತ್ತರಿಸಿದ ಗಂಟನ್ನು ನಾನು ಕಸದ ಬುಟ್ಟಿಗೆ ಹಾಕಲು ಹೋದರೆ ಹೊನ್ನಮ್ಮ ಕಿತ್ತುಕೊಂಡು, ಅರಿಸಿನದ ಬಟ್ಟೆಯಲ್ಲಿ ಸುತ್ತಿ ದೇವರ ಮನೆಯಲ್ಲಿಟ್ಟರು. ಅದಕ್ಕೆ ಈಗಲೂ ಶುಕ್ರವಾರ ಹೂವು ಏರಿಸುತ್ತಾರಂತೆ. ಪರ್ಮನೆಂಟ್ ಕೇಳಿದಾಕೆಯ ಮಗನಿಗೆ ಪರ್ಮನೆಂಟೂ ಆಯಿತಂತೆ. ಅದಕ್ಕೆ ಕಂಪನಿ ಜವಾಬ್ದಾರಿಯಲ್ಲ.

ಮರುದಿನ ವಿಷಯವನ್ನು ಚಂದ್ರಪ್ಪನವರಿಗೆ ಒಪ್ಪಿಸಿದೆ. ಅವರು ಗಾಬರಿಯಾಗುತ್ತಾರೆ ಎಂದುಕೊಂಡರೆ ಕಣ್ಣರಳಿಸಿದರು. “ದೇವಿ ಮೆಚ್ಚಿದ ಬಿಲ್ಲೆ ಅಂತ ಒಂದು ಬೋರ್ಡ್ ಹಾಕ್ಸಿದ್ರೆ ಹೆಂಗೆ?”

ರೇವತಿ ಮೇಜಿನ ಮೇಲಿದ್ದ ಪೊಟ್ಟಣವನ್ನು ಎತ್ತಿಕೊಂಡಳು. ಅದರ ಮೇಲೆ ಆಗ ದೊಡ್ಡ ಅಕ್ಷರದಲ್ಲಿ ‘ಕೂದಲು ಸೊಂಪಾಗಿ ಬೆಳೆಯುತ್ತದೆ’ ಎಂಬ ಸಾಲಿತ್ತು. ಅದು ಚಂದ್ರಪ್ಪನವರದೇ ಸಾಹಿತ್ಯ. ಹರಳೆಣ್ಣೆಯಿಂದ ಕೂದಲು ಮಿದುವಾಗುತ್ತದೆ, ಹೊಳೆಯುತ್ತದೆ, ಒಣ ನೆತ್ತಿಗೆ ಹಿತವಾಗುತ್ತದೆ, ಇಷ್ಟು ನಿಜ. ಹೊಸ ಕೂದಲು ಹುಟ್ಟಿಸುತ್ತದೆ ಎನ್ನಲು ಆಧಾರವಿಲ್ಲ ಎಂದು ಅವಳು ಮೊದಲಿನಿಂದ ಹೇಳುತ್ತ ಬಂದಿದ್ದಳು. ಅವರು ಕೇಳಿರಲಿಲ್ಲ.

“ಸರ್, ನೀವು ಈ ಬಿಲ್ಲಿ ದಿನಾ ಹಚ್ಕೋತೀರಲ್ರೀ?”

“ಶುರು ಮಾಡ್ದಾಗ್ನಿಂದ. ಒಂದು ದಿನ ಬಿಟ್ಟಿಲ್ಲ.”

“ಹಂಗಾರ ಈ ಸಾಲಿನ ಬಾಜೂಕ ನಿಮ್ಮ ಫೋಟೋ ಹಾಕೋಣ್ರಿ.”

ಚಂದ್ರಪ್ಪನವರ ಕೈ ತಾನಾಗಿ ತಮ್ಮ ನುಣ್ಣನೆಯ ತಲೆಗೆ ಹೋಯಿತು. ಬೋರ್ಡಿನ ಮಾತು ನಿಂತಿತು. ಮುಂದಿನ ಮುದ್ರಣದಲ್ಲಿ ಆ ಸಾಲೂ ಇರಲಿಲ್ಲ. ಬದಲಿಗೆ ‘ಹರಳೆಣ್ಣೆ ಹಚ್ಚಿದ ತಲೆಗೆ ಉಜ್ಜಬೇಡಿ, ಕೂದಲನ್ನು ನೆತ್ತಿಯ ಮೇಲೆ ಗುಡ್ಡೆ ಹಾಕಬೇಡಿ, ಬಿಲ್ಲೆಯನ್ನು ನೀರಿನಲ್ಲಿ ಬಿಡಬೇಡಿ’ ಎಂದು ಬಂತು. ಚಂದ್ರಪ್ಪನವರು ಅದನ್ನು ಓದಿ, “ಇಷ್ಟೊಂದು ಬೇಡಿ ಹಾಕಿದ್ರೆ ಯಾರು ಕೊಂಡ್ಕೋತಾರೆ?” ಎಂದು ಕೊರಗಿದರು. ಕೊಂಡುಕೊಂಡರು. ನಿಜ ಹೇಳುವ ಸೋಪನ್ನು ಜನ ಮೊದಲ ಸಲ ನೋಡಿದ್ದರೇನೋ.

ಆಮೇಲೆ ರೇವತಿ ಪಾಕವನ್ನೇ ಬದಲಾಯಿಸಿದಳು. ಅಪ್ಪಟ ಸೋಪಿನ ಬದಲು ಶಾಂಪೂವಿನಲ್ಲಿರುವಂಥ ಪುಡಿಯನ್ನೇ ಬಿಲ್ಲೆಯಾಗಿ ಒತ್ತಿ, ಹರಳೆಣ್ಣೆಯನ್ನು ಒಬ್ಬನೇ ಮಾವನಷ್ಟು ಮಾತ್ರ ಬೆರೆಸಿದಳು. ಈಗಿನದು ಬೋರ್‌ವೆಲ್ ನೀರಿಗೂ ಅಷ್ಟು ಹಟ ಮಾಡುವುದಿಲ್ಲ. ಎಣ್ಣೆ ನೆತ್ತಿಯವರಿಗೆ ಇದೂ ಸ್ವಲ್ಪ ಭಾರವೇ, ಅವರಿಗೆ ಬೇಡವೆಂದು ನೀವೇ ಹೇಳಿ. ಗುಂಗುರು ಕೂದಲಿನವರಿಗೆ, ಪೇಟೆಯ ಧೂಳಿನಲ್ಲಿ ಕೂದಲು ಒಣಗಿಸಿಕೊಂಡವರಿಗೆ ಧೈರ್ಯವಾಗಿ ಕೊಡಿ. ಪ್ಲಾಸ್ಟಿಕ್ ಬಾಟಲಿಯ ರಗಳೆಯಿಲ್ಲ, ಬ್ಯಾಗಿನಲ್ಲಿ ಚೆಲ್ಲುವುದಿಲ್ಲ. ಒಮ್ಮೆ ಕೊಪ್ಪಳ ಕಡೆಯ ಡೆಲಿವರಿ ಹುಡುಗನೊಬ್ಬ ಫೋನು ಮಾಡಿ, “ಕಂಪ್ಲೇಂಟ್ ಏನಿಲ್ಲ ಮೇಡಂ. ಹೆಲ್ಮೆಟ್ ತೆಗದ್ರ ನನ್ನ ತಲಿ ಕುರಿ ತುಪ್ಪಟ ಆಗತಿತ್ತು. ಈಗ ಮನಷ್ಯಾರ ತಲಿ ಆಗೇತಿ. ಹೇಳಬೇಕನಸ್ತು” ಎಂದ. ಅಂಥ ಫೋನು ಅಪರೂಪ. ಬಂದ ದಿನ ಕಾಫಿ ಇನ್ನೊಂದು ಲೋಟ ಕುಡಿಯಿರಿ.

ಕಡೆಯದಾಗಿ ಬಿನ್ನಿಪೇಟೆಯ ಒಂದು ಮನೆ. ನಾನು ಕೆಲಸ ಬಿಡುವುದಕ್ಕೆ ಸ್ವಲ್ಪ ಮುಂಚೆ ಅಲ್ಲಿಂದ ರಾಮಣ್ಣ ಎಂಬ ಆಟೋ ಓಡಿಸುವವರು ಫೋನು ಮಾಡಿ, ಬಿಲ್ಲೆಯಲ್ಲಿ ನೊರೆಯೇ ಬರುತ್ತಿಲ್ಲ ಎಂದರು. ಅಲ್ಲಿ ಒಳ್ಳೆಯ ನೀರು, ನೊರೆ ಬರದಿರಲು ಕಾರಣವಿಲ್ಲ. ಹೋದೆ. ಹೆಂಡತಿ ಜಯಮ್ಮ ಅಟ್ಟದ ಧೂಳು ಹೊಡೆಯಲು ಸ್ಟೂಲು ಹತ್ತಿ ಬಿದ್ದು ಬಲಗೈ ಮುರಿದುಕೊಂಡಿದ್ದರು. ಮೊಣಕೈ ದಾಟಿ ಪ್ಲಾಸ್ಟರು. ಕೂದಲು ಮೊಣಕಾಲಿನವರೆಗೆ. ಅದನ್ನು ತೊಳೆಯುವ ಕೆಲಸ ಗಂಡನ ಪಾಲಿಗೆ ಬಂದಿತ್ತು.

“ಹೇಗೆ ತೊಳೀತೀರಿ, ಮಾಡಿ ತೋರಿಸಿ ಅಣ್ಣ” ಎಂದೆ.

ರಾಮಣ್ಣ ಪ್ಲಾಸ್ಟರಿಗೆ ನೀರು ತಾಗೀತೆಂದು ಹೆದರಿ ಕೈ ಅದ್ದಿ ಅದ್ದಿ ನಾಲ್ಕು ಹನಿ ಚಿಮುಕಿಸಿದರು, ಮಂತ್ರಾಕ್ಷತೆ ಹಾಕುವವರಂತೆ. ಆಮೇಲೆ ಬಿಲ್ಲೆಯನ್ನು ಎರಡು ಬೆರಳಲ್ಲಿ ಹಿಡಿದು ಹಣೆಯ ಹತ್ತಿರ ಸವರಿದರು.

“ನೋಡಿದ್ರಾ?” ಎಂದರು ಜಯಮ್ಮ. “ಸೋಪು ಚೆನ್ನಾಗೇ ಇದೆ ಮೇಡಂ. ಕಂಪ್ಲೇಂಟ್ ಇರೋದು ಇವರ ಮೇಲೆ. ಮದುವೆಯಾಗಿ ಇಷ್ಟು ವರ್ಷ ಆದ್ರೂ ಈ ಮನುಷ್ಯ ನನ್ ತಲೆ ಮುಟ್ಟಿಲ್ಲ, ಈಗ ಮುಟ್ಟೋಕೆ ನಾಚ್ಕೆ.”

“ನಾಚ್ಕೆ ಅಲ್ಲ, ಭಯ ಕಣೇ. ಎಳೆದ್ರೆ ಕಿರುಚ್ತೀಯ.”

ಪ್ಲಾಸ್ಟರಿಗೆ ಕವರು ಕಟ್ಟಿದೆ. ಹೆಂಗಸನ್ನು ಸ್ಟೂಲಿನ ಮೇಲೆ ಹಿಂದಕ್ಕೆ ವಾಲಿಸಿ ಕೂರಿಸಿದೆ. ಚೊಂಬಿನಿಂದ ಧಾರೆಯಾಗಿ ನೀರು ಹೊಯ್ಯುವುದು, ಬಿಲ್ಲೆಯನ್ನು ಅಂಗೈಯಲ್ಲಿ ತಿಕ್ಕಿ ನೊರೆ ತೆಗೆದು ಅದನ್ನು ಮಾತ್ರ ನೆತ್ತಿಗೆ ಹಾಕುವುದು, ಉಗುರಲ್ಲದೆ ಬೆರಳ ತುದಿಯಿಂದ ಉಜ್ಜುವುದು, ಎಲ್ಲವನ್ನೂ ರಾಮಣ್ಣನ ಕೈಯಲ್ಲೇ ಮಾಡಿಸಿದೆ. ಮೊದಲು ಕ್ಲಚ್ ಹಿಡಿದಂತೆ ಹಿಡಿದರು, ಆಮೇಲೆ ಕೈ ಸಡಿಲವಾಯಿತು. ನೊರೆ ಉಕ್ಕಿ ಬಂತು. ಅಷ್ಟು ಹೊತ್ತು ಒಂದೇ ಸಮನೆ ಬೈಯುತ್ತಿದ್ದ ಜಯಮ್ಮ ಸುಮ್ಮನಾದರು. ಕಣ್ಣು ಮುಚ್ಚಿದ್ದರು. ನಾನು ಸದ್ದಿಲ್ಲದೆ ಹೊರಬಂದು ಚಪ್ಪಲಿ ಮೆಟ್ಟಿಕೊಂಡೆ.

ಕೆಲಸ ಬಿಟ್ಟು ಕೆಲವು ತಿಂಗಳಾದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ರಾಮಣ್ಣನವರಿಂದ ನನ್ನ ಸ್ವಂತ ನಂಬರಿಗೆ ಫೋನು ಬಂತು. ಧ್ವನಿ ಬಹಳ ಮೆಲ್ಲಗಿತ್ತು.

“ಮೇಡಂ, ಒಂದು ಕಂಪ್ಲೇಂಟು.”

“ನಾನು ರಿಟೈರ್ ಆಗಿದೀನಿ ಅಣ್ಣ. ಆದ್ರೂ ಹೇಳಿ.”

“ಪ್ಲಾಸ್ಟರ್ ತೆಗೆದು ಎಷ್ಟೋ ಕಾಲ ಆಯ್ತು. ಡಾಕ್ಟ್ರು ಕೈ ಕಬ್ಬಿಣ ಅಂದ್ರು. ನಿನ್ನೆ ರಾಗಿ ಮುದ್ದೆ ತಿರುವಿದಾಳೆ, ಗ್ಯಾಸ್ ಸಿಲಿಂಡರ್ ಒಬ್ಳೇ ಎಳ್ಕೊಂಡು ಬಂದಿದಾಳೆ. ಭಾನುವಾರ ಬೆಳಿಗ್ಗೆ ತಲೆ ಸ್ನಾನ ಅಂದ್ರೆ ಮಾತ್ರ ಕೈ ಮೇಲಕ್ಕೇ ಏಳಲ್ಲ ಅಂತಾಳೆ. ಇದಕ್ಕೆ ನಿಮ್ಮ ಕಂಪ್ನೀಲಿ ಏನಾದ್ರೂ ಇದೆಯಾ?”

ಹಿಂದಿನಿಂದ ಜಯಮ್ಮನ ಧ್ವನಿ ಕೇಳಿತು: “ಯಾರ ಹತ್ರ ರೀ ಮಾತು? ನೀರು ಕಾದು ಎಷ್ಟೊತ್ತಾಯ್ತು!”

“ಅಣ್ಣ, ಇದು ಬಿಲ್ಲೆಯಿಂದ ಆಗಿರೋ ತೊಂದರೆ ಅಲ್ಲ” ಎಂದೆ. “ನಮ್ಮ ಗ್ಯಾರಂಟಿಯೊಳಗೆ ಬರಲ್ಲ.”

ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳಿಸಿತು.

“ಹೋಗ್ಲಿ ಬಿಡಿ ಮೇಡಂ” ಎಂದರು. “ಹಂಗಾದ್ರೆ ಇನ್ನೊಂದು ಡಜನ್ ಬಿಲ್ಲೆ ಕಳಿಸೋಕೆ ಹೇಳ್ಬಿಡಿ.”